ಹೊಟ್ಟಿ ತಣ್ಣಗಿರಲಿ

ಭೋಸರಿಯ ಲಾಂಡೇವಾಡಿಯೊಳಗ ಇಪ್ಪತ್ತಾರು ವರ್ಷ
ಸುಟ್ಟ ಮೋಟರ್ ಬಿಚ್ಚಿ ಹೊಳ್ಳಿ ಸುತ್ತಿದಾಕಿ ನಾ.
ವಾರ್ನಿಷ್ ವಾಸನಿ ಕುಬಸದಾಗ ಹಂಗ ಉಳೀತಿತ್ತು
ಎರಡು ಸರ್ತಿ ಒಗೆದ್ರೂ.
ಗುಲಾಬ್ ಉಸ್ತಾದ ಮೊದಲ ಮೀಟರ್ ಮುಟ್ಟಗೊಡ್ತಿದ್ದಿಲ್ಲ:
‘ಅಂಗೈ ಸುಳ್ಳ ಹೇಳ್ತೈತಿ, ಹಿಂಗೈ ಹೇಳೂದಿಲ್ಲ.
ಇಡು. ಅದಕ್ಕ ಎಲ್ಲಿ ನೋಯಾಕತ್ತೈತಿ, ಹುಡುಕು.’

ಈಗ ಚಾಕಣದ ಹಾದಿಯ ಒಂದು ಶೆಡ್ಡಿನಾಗ
ವಿಮಾನಕ್ಕ ಮೋಟರ್ ಸುತ್ತತೀನಿ.
ನಾ ವಿಮಾನದಾಗ ಕುಂತಿಲ್ಲ. ಲೋಹಗಾಂವದ್ದು ತಲಿ ಮ್ಯಾಲ ಹಾದ್ರ
ಮಾತು ನಿಲ್ಲಸ್ತೀನಿ, ಅಷ್ಟ.

ತಂತಿ ಅಲ್ಲ ಇದು, ಪಟ್ಟಿ.
ಕುಬಸದ ಗೋಟಿನಷ್ಟು ಅಗಲಾ, ದಪ್ಪ ಅಂದ್ರ ಕೂದಲಾ.
ತಾಮ್ರ ಕಿಲೋ ಲೆಕ್ಕ; ಇದು ಮೊಳದ ಲೆಕ್ಕ, ಜರಿ ಹಂಗ.
ಹೆಚ್ಚು ಬಗ್ಗಿಸಿದ್ರ ಒಳಗ ಸೀಳ್ತೈತಿ,
ಸಪ್ಪಳಿಲ್ಲ, ಗುರ್ತಿಲ್ಲ. ಒಂದು ತಿಂಗಳ ಕೆಲಸ
ಒಮ್ಮೆ ಒಂದು ತಿರುವಿನಾಗ ಹೋತು. ಯಾರೂ ಬೈಲಿಲ್ಲ.
ಬೈದಿದ್ರ ಚಲೋ ಇತ್ತು.

ಗೌತಮಿ ದೇವಧರ, ನನ್ನ ಮಗಳ ವಾರಿಗಿ, ಕುಂತು ಹೇಳಿದ್ಲು:
‘ಮಾವಶಿ, ತಾಮ್ರದಾಗ ಕರೆಂಟು ಅಂದ್ರ
ಸಂಜಿ ಮುಂದ ಮಂಡಿಯೊಳಗ ದಾರಿ ಮಾಡ್ಕೊಂಡು ಹೊಂಟ ಮಂದಿ,
ಭುಜಕ್ಕ ಭುಜ ಬಡದು ಬಿಸಿ.
ಅಷ್ಟು ಥಂಡಿಯೊಳಗ ಎಲ್ಲಾರೂ ಜೋಡಿ ಆಗ್ತಾರ.’
ಅಕಿದು ಮರಾಠಿ, ನಂದು ವಿಜಾಪುರದ ಕನ್ನಡ, ನಡುವ ಕೈಸನ್ನಿ.
ನನಗ ಆಳಂದಿ ಪಾಲಖಿ ಕಣ್ಣಿಗೆ ಬಂತು:
ಲಕ್ಷ ಕಾಲು, ಒಂದ ತಾಳ,
ಒಬ್ಬರ ಹಿಮ್ಮಡ ಒಬ್ಬರು ತುಳಿಯೂದಿಲ್ಲ.
ತಿಳೀತು, ಅಂದೆ.
ತಿಳಿದದ್ದು ಎಷ್ಟೋ, ವಿಠ್ಠಲಗ ಗೊತ್ತು.

ಆದ್ರ ಇದು ಪೂರಾ ತಿಳೀತು:
ಟಾಕಿಯೊಳಗ ಹೈಡ್ರೋಜನ್ನು ತೆಳ್ಳಗ ತುಳುಕತಿರತೈತಿ,
ಸೊನ್ನಿಗಿಂತ ಎರಡನೂರಾ ಐವತ್ತಮೂರು ಮೆಟ್ಟಲ ಕೆಳಗ.
ಅದು ಮೊದಲ ಮೋಟರಿನ ಮೈ ಸುತ್ತಿ, ಸುರುಳಿ ತಣಿಸಿ,
ಆಮ್ಯಾಲ ಹೋಗಿ ಕರೆಂಟ್ ಆಗತೈತಿ.
ತಾ ತೀರಿಹೋಗೂಕಿಂತ ಮೊದಲ ತಂಪು ಕೊಟ್ಟು ಹೋಗೂ ಎಣ್ಣಿ
ನಾ ಎಲ್ಲೂ ಕಂಡಿದ್ದಿಲ್ಲ.
ನಮ್ಮವ್ವ, ಯಾರರ ಒಂದು ತುತ್ತು ಕೊಟ್ರ, ಅಂತಿದ್ಲು:
ನಿನ್ನ ಹೊಟ್ಟಿ ತಣ್ಣಗಿರಲಿ.
ಪಟ್ಟಿಯ ಕೊನಿ ಸುತ್ತು ಕಟ್ಟುವಾಗ ನಾನೂ ಅಂದೆ,
ಬಾಯಾಗ, ಯಾರಿಗೂ ಕೇಳಧಂಗ.

ಪರೀಕ್ಷೆ ದಿನಾ
ಬಳಿ ತಗದಿಟ್ಟೆ, ಕಾಲುಂಗುರಾನೂ. ನೈಲಾನ್ ಸೀರಿ ನಡಿಯೂದಿಲ್ಲ,
ಕಿಡಿ ಹಾರತೈತಂತ. ಹತ್ತಿ ಡಗಲಿ, ಹಿತ್ತಾಳಿ ಪಾನಾ.
ಆ ಗ್ಯಾಸಿನ ಬೆಂಕಿ ಬೆಳಕಿನಾಗ ಕಾಣೂದಿಲ್ಲ;
ಇರ್ಫಾನ ಕಸಬರಿಗಿ ಮುಂದ ಹಿಡಕೊಂಡು ನಡೀತಾನ,
ಕಡ್ಡಿ ಹೊತ್ತಿದ್ರ ತಿಳಕೋಬೇಕು.

ಕಾಜಿನ ಈಚಿ, ಪಡದೆ ಮ್ಯಾಲ, ಅಂಕಿ ಇಳದ್ವು, ನಿಂತ್ವು.
ಮೋಟರ್ ತಿರಗ್ತು. ಸಪ್ಪಳ ಕಮ್ಮಿ. ನನಗ ಅದ ಅಂಜಿಕಿ,
ಸಪ್ಪಳಿಲ್ಲದ್ದಕ್ಕ ಏನಂತ ಕಿವಿ ಕೊಡ್ಲಿ?
ಆಮ್ಯಾಲ ಒಂದು ಅಂಕಿ ಮ್ಯಾಲ ಸರೀತು, ಎಳ್ಳಷ್ಟ.
ಸೆನ್ಸರ್ ಕೆಟ್ಟೈತಿ ಅಂದ್ರು ಒಬ್ರು. ಇಲ್ಲಂದ್ರು ಒಬ್ರು.

ನಿಲ್ಲಿಸಿ, ಗ್ಯಾಸ್ ಮ್ಯಾಲಿಂದ ಹೊರಗ ಹಾಕಿ, ನಮ್ಮನ್ನ ಒಳಗ ಬಿಟ್ಟಾಗ
ಹೊರಗಿನ ಕವಚದ ಮ್ಯಾಲ ಹಿಂಗೈ ಇಟ್ಟು ನಡೆದೆ.
ಅದು ಖೋಲಿಯಷ್ಟ ಬೆಚ್ಚಗ ಇರಬೇಕು;
ಒಳಗಿನ ಥಂಡಿ ಹೊರಗ ದಾಟಬಾರದಂತ
ನಡುವ ಏನೂ ಇಲ್ಲದ ಜಾಗಾ, ಗಾಳೀನೂ ಇಲ್ಲ.
ಕೆಳಗ, ಮೂರನೇ ಬೋಲ್ಟಿನ ಬಲ್ಲಿ,
ಎಂಟಾಣೆಯಷ್ಟು ಒಂದು ಮಚ್ಚಿ. ಸಣ್ಣಗ ಬೆವತಿತ್ತು.
ಜೀವಮಾನ ಬಿಸಿ ಹುಡುಕಿದ ಕೈ
ಥಂಡಿಗೆ ಸರಕ್ಕನ ಹಿಂದ ಬಂತು.
‘ಇಲ್ಲಿ,’ ಅಂದೆ. ‘ಇಲ್ಲಿ ನೋಯಾಕತ್ತೈತಿ.’

ಚಪ್ಪಾಳಿ ಏನಿಲ್ಲ. ಸೀಲ್ ಹೋಗಿತ್ತು, ಹೊಸಾದು ಬರಾಕ ಐದು ವಾರ.
ಗೌತಮಿ ನೆಲದ ಮ್ಯಾಲ ಕುಂತು ವಡಾಪಾವ್ ತಿಂದ್ಲು, ಮಾತಿಲ್ಲ.
ಒಳಗ ನನ್ನ ಸುತ್ತು ಸೀಳಿಲ್ಲಂತ ಈಗ ಯಾರು ಹೇಳಬೇಕು?

ಮನಿ ಮುಟ್ಟೂದ್ರಾಗ ಬೆಳಕಾಗಿತ್ತು.
ಟೇಬಲ್ ಫ್ಯಾನು ರಾತ್ರಿ ಪೂರಾ ತಿರಗಿತ್ತು,
ಹದಿನಾಕು ವರ್ಷದ ಹಿಂದ ನಾನ ಸುತ್ತಿದ್ದು.
ಅದರ ಬೆನ್ನಿಗೆ ಹಿಂಗೈ ಇಟ್ಟೆ.
ಬಿಸಿ ಇತ್ತು, ಪಾಪ.
ಕೈ ತಗೀಲಿಲ್ಲ, ಹಂಗ ಕುಂತೆ.