ಹೊಲಿಗಿ ಇಲ್ಲದ ಅಂಗಿ

ನಾಕನೇ ಭಾಗಕ್ಕ ನಾವು ಎಂಟು ಮಂದಿ ಹೋಗಿದ್ವಿ,
ಕೌಲ್ ಬಜಾರಿನ ಯೂನಿಟ್ಟಿಂದ ಸೀದಾ ಸೆಕೆಂಡ್ ಶೋಗೆ.
ಉಗುರಿನ ಸಂದ್ಯಾಗ ಜೀನ್ಸಿನ ನೀಲಿ ಹಂಗ ಇತ್ತು.
ಕಾಸಿಂಬಿ ಗುಂಡಿ ಬಡಿಯೋಳು,
ಹಂಪಮ್ಮ ದಾರ ಕತ್ತರಿಸೋಳು,
ಎರ್ರಿಸ್ವಾಮಿ ಪಾಸು ಫೇಲು ನೋಡಾಂವ,
ನಾನು ಹಿಂದಿನ ಜೇಬು.

ಹಿಂದಿನ ಜೇಬು ಅಂದ್ರ ಮೂರು ವಾರದಿಂದ ಅವನೇ:
ಅವನ ಒಂಟಿ ರೆಕ್ಕಿ, ಹಳದಿ ದಾರದಾಗ,
ಹುಡುಗರ ಸೈಜಿಗೆ, ಆರುನೂರು ಪೀಸು.
ಲೈಸೆನ್ಸು ಗೀಸೆನ್ಸು ಕೇಳಬ್ಯಾಡ್ರಿ.
ಸೇಟು ಹೇಳ್ಯಾನ, ನಾವು ಹೊಲಿದೀವಿ.

ಮೊದಲನೇ ಭಾಗ ನನಗಿನ್ನೂ ನೆನಪೈತಿ.
ಆಗ ನನಗ ಹದಿನೇಳು, ಓವರ್‌ಲಾಕ್ ಮಿಷನ್ನು ಕೈಗೆ ಹೊಸದು.
ಪರದಿ ಮ್ಯಾಲ ಅವನು ಹರಕು ಕೊಡಿ ಬಟ್ಟಿ ಕತ್ತರಿಸಿ
ರಾತ್ರಿಯೆಲ್ಲ ಕುಂತು ತನ್ನ ಅಂಗಿ ತಾನೇ ಹೊಲಕೊಂಡ.
ಹೊಲಿಗಿ ಸೊಟ್ಟ. ಗಂಟು ಹಾಕಾಕ ಬರವಲ್ದು.
ಸೂಜಿ ಚುಚ್ಚಿತು, ಬೆರಳು ಬಾಯಾಗ ಇಟ್ಟಕೊಂಡ.
ನಾನೂ ಇಟ್ಟಕೊಂಡೆ,
ಕತ್ತಲದಾಗ, ಯಾರಿಗೂ ಕಾಣದಂಗ.
ಅವನು ಹಾರಿದ್ದು ಅಷ್ಟು ನೆನಪಿಲ್ಲ ಖರೆ,
ಹಾರುವಾಗ ಕಂಕುಳದಾಗ ಹೊಲಿಗಿ ಬಿಟ್ಟಿತ್ತು,
ಅದು ನೆನಪೈತಿ.

ಈಗ?
ಈಗ ಎದಿ ಮುಟ್ಟಿಕೊಂಡ, ಅಂಗಿ ಬಂತು.
ಇರುವಿ ಸಾಲು ಹರಿದಂಗ
ಕುತ್ತಿಗಿಯಿಂದ ಪಾದದ ತನಕ ತಾನೇ ಹರಕೊಂಡು ಬಂತು.
ಕಾಜ ಇಲ್ಲ, ಗುಂಡಿ ಇಲ್ಲ, ನೆಫಾ ಇಲ್ಲ.
ಹೊಲಿಗಿ ಎಲ್ಲೈತಿ ಅಂತ ಹುಡುಕಿದೆ,
ಅವರು ಕೊಟ್ಟ ಕರೇ ಕನ್ನಡಕ ಇಳಿಸಿ, ಏರಿಸಿ.
“ಜೇಬೇ ಇಲ್ಲಲ್ಲೇ” ಅಂದಳು ಕಾಸಿಂಬಿ,
“ಬಸ್ಸಿನ ಚಿಲ್ಲರ ಎಲ್ಲಿಡತಾನ?”
ಹಿಂದಿನ ಸಾಲು ‘ಶ್’ ಅಂತು.

ಬೆಂಕಿ ಬಿತ್ತು, ಅಂಗಿ ಸುಡಲಿಲ್ಲ.
ಹನ್ನೆರಡು ಅಂತಸ್ತು ಮೈಮ್ಯಾಲ ಬಿತ್ತು, ಧೂಳು ಸೈತ ಹತ್ತಲಿಲ್ಲ.
ಅದಿರು ಲಾರಿ ಪಕ್ಕದಾಗ ಹಾದುಹೋದರ ಸಾಕು,
ನನ್ನ ದುಪಟ್ಟ ಮೂರು ನೀರಿಗೂ ಬಿಳಿ ಆಗಂಗಿಲ್ಲ.
ಕೇಡಿ ನಲವತ್ತು ನಿಮಿಷ ತನ್ನ ಕತಿ ಹೇಳಿದ, ತೆಲುಗಿನಾಗ,
ತುಟಿ ಮುಚ್ಚಿದ ಮ್ಯಾಲೂ ಮಾತು ಮುಗಿಯಲಿಲ್ಲ.
ಆಕಾಶಕ್ಕ ತೂತು ಬಿತ್ತು, ನೀಲಿ ಸುರೀತು.
ಅದಕ್ಕೂ ವಾಸನಿ ಇಲ್ಲ.
ನಮ್ಮ ವಾಷಿಂಗಿನ ಗಟಾರದ ನೀಲಿ
ಮೂರು ಓಣಿ ದಾಟಿ ಬಂದು ಊಟಕ್ಕ ಕುಂದರತೈತಿ.
ಹಂಪಮ್ಮಗ ನಿದ್ದಿ ಹತ್ತಿತ್ತು,
ಕತ್ತರಿ ಹಿಡಿದಂಗ ಬೆರಳು ಮಡಚಿಕೊಂಡೇ.

ಮಂದಿ ಸೀಟಿ ಹೊಡೆದರು, ಕಾಗದ ತೂರಿದರು.
ನಾನು ಏನೋ ಬೀಳಿಸಿಕೊಂಡೋಳಂಗ
ಕುರ್ಚಿ ಕೆಳಗ ನೋಡಿದೆ.

ಹೊರಗ ಒಂದು ಗಂಟಿ ರಾತ್ರಿ.
ಕೋಟಿ ಗುಡ್ಡ ಹಗಲಿನ ಬಿಸಿಲು ಇನ್ನೂ ಉಗುಳತಿತ್ತು.
“ಒಂದೇ ಕಲ್ಲು ನೋಡು, ಅದಕ್ಕೂ ಹೊಲಿಗಿ ಇಲ್ಲ”
ಎರ್ರಿಸ್ವಾಮಿ ನಗಸಾಕ ನೋಡಿದ.
“ಅದು ಹಾರತೀನಿ ಅಂತ ಹೇಳಿಲ್ಲ” ಅಂದೆ.

ಬಂಡಿ ಮುಚ್ಚತಿದ್ದ ಮಿರ್ಚಿ ಹುಡುಗ
ಉಳಿದ ಮಂಡಕ್ಕಿ ಪೊಟ್ಟಣ ಕಟ್ಟಿಕೊಟ್ಟು ಕೇಳಿದ:
“ಹೆಂಗೈತಕ್ಕ ಪಿಚ್ಚರು?”
ಐತವಾರದ ಟಿಕೀಟಿಗೆ ರೊಕ್ಕ ಕೂಡಿಸ್ಯಾನಂತ.
“ಚಲೋ ಐತಿ, ನೋಡು” ಅಂದೆ.
ಖಾರ ಇತ್ತು ಮಂಡಕ್ಕಿ. ಅದರಾಗ ಸುಳ್ಳಿಲ್ಲ.

ಸೋಮವಾರ ಸೇಟು ಪೇಡೆ ತಂದ.
ಹಿಟ್ಟಂತ. ಇನ್ನೂ ಎಂಟುನೂರು ಬೇಕಂತ,
ಅದೇ ರೆಕ್ಕಿ, ಶನಿವಾರದೊಳಗ.

ಮೂವತ್ತು ನೆಟ್ಟಗ ಹೊಲಿದೆ.
ಮೂವತ್ತೊಂದನೇದಕ್ಕ ಕಾಲು ತಾನೇ ತಡೀತು.
ಮಿಷನ್ನಿಂದ ತಗದು, ಕೈಸೂಜಿ ಹಿಡಿದು,
ರೆಕ್ಕಿ ಬುಡಕ್ಕ ನಾಕು ಹೊಲಿಗಿ ಸೊಟ್ಟ ಹಾಕಿದೆ.
ಗಂಟು ಹೊರಗ ಬಿಟ್ಟೆ.

ಎರ್ರಿಸ್ವಾಮಿ ಅದನ್ನ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದ.
ಹೆಬ್ಬೆರಳಿಂದ ಗಂಟು ಸವರಿದ.
ನನ್ನ ಕಡೆ ನೋಡಲಿಲ್ಲ.
ಪಾಸಿನ ಕಟ್ಟಿಗೆ ಒಗೆದ.