ಹಳೇ ಕಾಳು

ವಾರಕ್ನಬೀಲಿನ ತೂಕದ ಗುಡಿಸಲು.
ರಾತ್ರಿ ಹತ್ತಾದರೂ ಮೂವತ್ತೆಂಟು ಡಿಗ್ರಿ, ಡಿಸೆಂಬರು.
ಹೊರಗೆ ಸೈಲೋಗಳು: ಬಿಳಿ, ಎತ್ತರ, ಕಿವುಡು.
ಒಳಗೆ ಮೇಜಿನಡಿ ನನ್ನ ಕಾಲಿಗೆ ಬಿಸಿಗಾಳಿ ಊದುತ್ತ
ಹದಿನೈದು ವರ್ಷದ ಲಿನಕ್ಸ್ ಪೆಟ್ಟಿಗೆ,
ಫ್ಯಾನಿನ ರೆಕ್ಕೆಗೆ ಗೋಧಿ ಹೊಟ್ಟಿನ ಗಡ್ಡ.

ಬದಲಾಯಿಸಬಾರದೇ ಎಂದು ಮೊದಲ ವರ್ಷ ಕೇಳಿದ್ದೆ.
ಮರ್ವಿನ್ ನೋಸ್ಕೆ ಬಾಯಿ ಬಿಡಲಿಲ್ಲ,
ಪೆಟ್ಟಿಗೆಯ ಬೆನ್ನು ತಿರುಗಿಸಿ ಒಂದು ಕಾರ್ಡು ತೋರಿಸಿದ.
ತೂಕದ ಸೇತುವೆ ಮಾತಾಡುವುದು ಇದರ ಜೊತೆ ಮಾತ್ರ,
ಇದು ಮಾತಾಡುವುದು ಈ ಕರ್ನಲ್ ಜೊತೆ ಮಾತ್ರ,
ಇದನ್ನು ಮಾಡಿದ ಕಂಪನಿ
ಜೀಲಾಂಗಿನಲ್ಲಿ ಈಗ ಟೈಲ್ಸ್ ಅಂಗಡಿ.

ಇವತ್ತು ಸಂಜೆ ಹಾರ್ಷಮ್ಮಿನಿಂದ ಬಂತು
ಇಲ್ಲದ ಯಂತ್ರವೊಂದರ ಇರುವ ಡಿಸ್ಕು:
ಈ ಸುಗ್ಗಿಯ ರೈತರ ಪಟ್ಟಿ, ಲಾರಿಗಳ ಖಾಲಿ ತೂಕ,
ಎಲ್ಲ ಒಂದೇ ಕಡತದಲ್ಲಿ ಮಡಿಚಿ, ಒತ್ತಿ,
ಹೊಸ ಕಾಲದ ಗಂಟು ಹಾಕಿ.
ಬೆಳಿಗ್ಗೆ ಆರಕ್ಕೆ ಮೊದಲ ಲಾರಿ.

ಇಲ್ಲಿನ ಹಳೇ ಕೆಮು ಕಣ್ಣು ಕಿರಿದು ಮಾಡಿ
ಈ ಗಂಟು ನಮ್ಮ ಕಾಲದ್ದಲ್ಲ ಎಂದಿತು.
ಹೊಸದನ್ನು ಕರೆತಂದೆ. ಅದು ಹೊಸ್ತಿಲಲ್ಲೇ ನಿಂತು
ಗ್ಲಿಬ್‌ಸಿ ಎರಡು ಪಾಯಿಂಟ್ ಮೂವತ್ತನಾಲ್ಕು ಎಲ್ಲಿ ಎಂದಿತು,
ಕಾಲಿಗೆ ಬಿಸಿನೀರು ಕೇಳುವ ಬೀಗರ ಗತ್ತಿನಲ್ಲಿ.

ಸರಿ, ನಿನ್ನ ಬುತ್ತಿ ನೀನೇ ತಾ.
ಬೇಕಾದ ಲೈಬ್ರರಿಗಳನ್ನೆಲ್ಲ ಒಂದು ಫೋಲ್ಡರಿಗೆ ತುಂಬಿದೆ,
ಲೋಡರನ್ನೂ ಅದರೊಳಗೇ ಕೂರಿಸಿ
ಹೆಸರು ಹಿಡಿದು ಕರೆದು, ಕೂಸನ್ನು ಅದರ ಕೈಗಿಟ್ಟೆ.
ಬಂದದ್ದು ಒಂದು ಸಾಲು:
ಫೇಟಲ್. ಕರ್ನಲ್ ಟೂ ಓಲ್ಡ್.

ಕಟ್ಟಿದ ಬುತ್ತಿ ಎಷ್ಟು ದಿನ ಅನ್ನುತ್ತಾರೆ,
ಇದು ಬಿಚ್ಚುವಷ್ಟು ಹೊತ್ತೂ ಬರಲಿಲ್ಲ.
ಬುತ್ತಿ ಹೊತ್ತು ತರಬಹುದು,
ಕೂತು ಉಣ್ಣುವ ನೆಲ?

ಮರ್ವಿನ್‌ಗೆ ಓದಿ ಹೇಳಿದೆ. ಅವನಿಗೆ ಕರ್ನಲ್ ಅಂದರೆ ಕಾಳು.
ಜೇಬಿನಿಂದ ಗೋಧಿಯೊಂದನ್ನು ತೆಗೆದು
ಹಲ್ಲಿಗಿಟ್ಟು ಕಚ್ಚಿದ, ಟಕ್.
"ಹಳೆಯದಾದರೇನು? ಒಣಗಿದೆಯಾ ನೋಡು."
ನನಗೆ ಹಳೇ ಅಕ್ಕಿ ನೆನಪಾಯಿತು,
ನೀರು ಹೆಚ್ಚು ಕುಡಿಯುತ್ತೆ, ಅನ್ನ ಮಾತ್ರ ಉದುರುದುರು.
ಹೇಳಲಿಲ್ಲ. ಉದುರುದುರಿಗೆ
ಅವನ ಭಾಷೆಯಲ್ಲಿ ನನಗೆ ಮಾತು ಸಿಗಲಿಲ್ಲ.

ಹನ್ನೆರಡೂವರೆ. ಮತ್ತೆ ಮೊದಲಿಂದ.
ಲ್ಯಾಪ್‌ಟಾಪಿನಲ್ಲಿ ಮಸಲ್ ಎಂಬ ಪುಟ್ಟ ಲೈಬ್ರರಿ,
ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಜಾತಿ.
ಅದರ ಮೇಲೆ ಕೆಮುವನ್ನು ಮೂಲದಿಂದಲೇ ಕಟ್ಟತೊಡಗಿದೆ.
ಪರದೆ ಬೇಡ, ಸದ್ದು ಬೇಡ, ನೆಟ್‌ವರ್ಕ್ ಬೇಡ,
ಯಾರೋ ಆಸೆಪಟ್ಟು ಸೇರಿಸಿದ ಇನ್ನೂರು ಸೊಬಗು ಬೇಡ.
ಬಿಡುವುದಿಲ್ಲ ಎಂದು ಹಟ ಹಿಡಿದ ಒಂದೆರಡನ್ನು
ಒಳಗೇ ಇಟ್ಟು ಹೊಲಿದುಬಿಟ್ಟೆ.
ಮರ್ವಿನ್ ಕುರ್ಚಿಯಲ್ಲೇ ಗೊರಕೆ.
ಇಲಿಯೊಂದು ಅವನ ಬೂಟು ಹತ್ತಿ ಇಳಿದು
ತನ್ನ ಕೆಲಸಕ್ಕೆ ಹೋಯಿತು.

ಮೂರು ಇಪ್ಪತ್ತು. ಒಂದೇ ಕಡತ, ಯಾರ ಹಂಗೂ ಇಲ್ಲ.
ಪೆನ್‌ಡ್ರೈವಿನಿಂದ ಹಳೇ ಪೆಟ್ಟಿಗೆಗೆ ಇಳಿಸಿ
ಎಂಟರ್ ಒತ್ತಿದೆ.
ಬೈಯಲಿಲ್ಲ. ಕರ್ಸರು ಮಿಣುಕಿತು,
ಆಮೇಲೆ ಶೇಕಡಾ ಒಂದು. ಶೇಕಡಾ ಎರಡು.
ನಲವತ್ತು ಜಿಬಿ ಎಂದು ಹೇಳಿಕೊಂಡ ಡಿಸ್ಕಿನಲ್ಲಿ
ಇದ್ದದ್ದು ಮೂರೇ ಮೂರು,
ಉಳಿದದ್ದು ಬಯಲು,
ಗಡಿಕಲ್ಲು ನೆಟ್ಟು ಅಳೆದಿಟ್ಟ ಬಯಲು.
ಅದನ್ನು ದಾಟಿ ಹೆಸರುಗಳು ಬಂದವು ಒಂದೊಂದೇ,
ಕೆನ್ಯನ್, ರೀಥಸ್, ಅಕ್ಕತಂಗಿ ಬಿಂಗ್‌ಹ್ಯಾಮ್‌ರು,
ಎರಡು ಸಲ ಬರೆದಿದ್ದ ಇನ್ನೊಬ್ಬ ರೀಥಸ್.

ಐದೂವರೆಗೆ ಮರ್ವಿನ್ ಎದ್ದು ಹೊರಗೆ ಹೋಗಿ
ಸೇತುವೆಯ ನಟ್ಟನಡುವೆ ನಿಂತ.
ಇಪ್ಪತ್ತಿಪ್ಪತ್ತರಲ್ಲಿ ಎಣಿಸುವ ತಕ್ಕಡಿ:
ಎಂಬತ್ತು, ಕಿಟಕಿಯಿಂದ ಕೂಗಿದೆ.
"ನಾನು ಎಂಬತ್ತೇಳು" ಎಂದ.
ಆ ಏಳರ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ.
ಒಣಗಿದ ಹಳ್ಳದ ಆಚೆ ತಿರುವಿನಲ್ಲಿ
ಲಾರಿಯ ದೀಪ ಎರಡು,
ಸೇತುವೆ ಖಾಲಿ ಮಾಡಿ ಬದಿಗೆ ಸರಿದ.