ಕೊನೆಯ ಕಟ್ಟು

ದಿನಕ್ಕೆ ಅರುವತ್ತು ಬೆರಳು ಚುಚ್ಚುತ್ತೇನೆ,
ಸೋಮವಾರಗಳಲ್ಲಿ ಎಪ್ಪತ್ತು.
ಹತ್ತಿ ಒತ್ತಿ ಹಿಡಿಯಿರಿ ಎನ್ನುತ್ತೇನೆ,
ಚೀಟಿಯಲ್ಲಿ ಅಂಕಿ ಬರೆಯುತ್ತೇನೆ,
ಕಮ್ಮಿಯಿದ್ದರೆ ಡಾಕ್ಟರು ಹೇಳುವ ಮೊದಲೇ
ನಾನೇ ಹೇಳಿಬಿಡುತ್ತೇನೆ:
ಸೊಪ್ಪು ತಿನ್ನಿ. ಹರಿವೆ, ನುಗ್ಗೆ, ಬಸಳೆ, ಯಾವುದಾದರೂ.
ಹೇಳಿ ಹೇಳಿ ಆ ಮಾತು
ಉಪ್ಪು ಮರೆತ ಪಲ್ಯದ ಹಾಗಾಗಿದೆ.

ಸಂಜೆ ಏಳಕ್ಕೆ ಲ್ಯಾಬಿನ ಶಟರ್ ಎಳೆದು
ಸಿಟಿ ಬಸ್‌ಸ್ಟ್ಯಾಂಡಿಗೆ ಇಳಿಯುವಾಗ
ಮೆಟ್ಟಿಲ ಬದಿಯಲ್ಲಿ ವಾರಿಜಕ್ಕ.
ಗೋಣಿಯ ಮೇಲೆ ಕಿದಿಯೂರಿನ ಕೆಂಪು ಹರಿವೆ,
ಬಾಳೆನಾರಿನಿಂದ ಸೊಂಟ ಬಿಗಿದು ಮಲಗಿದ್ದು.
ಬೆಳಿಗ್ಗೆ ನಲುವತ್ತು ಕಟ್ಟು. ನಾನು ಬರುವಾಗ ಒಂದೇ.
"ಒಂದಕ್ಕಾಗಿ ಯಾಕೆ ಕೂರುವುದು, ಕೊಡಿ,
ನೀವು ಬೇಗ ಮನೆ ಸೇರಿ" ಅನ್ನುತ್ತೇನೆ
ದೊಡ್ಡ ಮನಸ್ಸಿನವಳ ಹಾಗೆ.
ಅವರ ಕೈ ಕಟ್ಟಿನ ಮೇಲೆ ಒಂದು ಗಳಿಗೆ ನಿಲ್ಲುತ್ತದೆ.
ಚಿಲ್ಲರೆಯ ಲೆಕ್ಕ ಇರಬೇಕು ಅಂದುಕೊಂಡಿದ್ದೆ.

ಕುಂಜಿಬೆಟ್ಟಿನ ಬಾಡಿಗೆ ಕೋಣೆಯಲ್ಲಿ ಒಂದೇ ಒಲೆ.
ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಬೇಕು,
ಮೂರನೆಯದರ ತಳದಲ್ಲೂ
ಕಡಲ ಬದಿಯ ಹೊಯಿಗೆ ಒಂದು ಚಿಟಿಕೆ ಇದ್ದೇ ಇರುತ್ತದೆ.
ದಂಟು ಮುರಿದು ಬದಿಗೆ ಹಾಕಿ, ಎಲೆ ಹೆಚ್ಚಿದರೆ
ಬೋಗುಣಿ ತುಂಬಿ ಚೆಲ್ಲುವಷ್ಟು,
ಹತ್ತು ಜನರನ್ನು ಕರೆಯಬೇಕು ಅನ್ನಿಸುವಷ್ಟು.
ತೆಂಗಿನೆಣ್ಣೆ, ಸಾಸಿವೆ, ಉದ್ದಿನಬೇಳೆ,
ಒಣಮೆಣಸು ಒಂದು, ಜಜ್ಜಿದ ಬೆಳ್ಳುಳ್ಳಿ ಎರಡೆಸಳು.
ಬಾಣಲೆಗೆ ಬಿದ್ದದ್ದೇ ಗುಡ್ಡೆ ಕುಸಿಯುತ್ತದೆ,
ಮುಚ್ಚಳ ತೆಗೆದರೆ ಒಂದು ಮುಷ್ಟಿ.
ಅಮ್ಮ ಅದಕ್ಕೇ ಹೇಳುವುದು,
ಹಸಿ ಸೊಪ್ಪು ನೋಡಿ ಉಪ್ಪು ಹಾಕಬೇಡ,
ಅದು ಇಳಿಯಲಿ, ಆಮೇಲೆ.
ನೀರಂತೂ ಬೇಡವೇ ಬೇಡ. ತನ್ನ ನೀರು ತಾನೇ ಬಿಡುತ್ತದೆ,
ನನ್ನ ಗಾಜಿನ ಕೊಳವೆಗಳ ಬಣ್ಣದ್ದು.
ಕಾಯಿತುರಿ ಅದರಲ್ಲಿ
ಸ್ವಲ್ಪ ಹೊತ್ತು ಬಿಳಿಯಾಗಿಯೇ ಇದ್ದು, ನಂತರ ಸೋಲುತ್ತದೆ.
ಕುಚ್ಚಲಕ್ಕಿ ಗಂಜಿಗೆ ಇಷ್ಟು ಸಾಕು.
ನನ್ನದು ಹನ್ನೆರಡು ಪಾಯಿಂಟ್ ಆರು. ಒಳ್ಳೆಯ ಅಂಕಿ.

ಕಳೆದ ಮಂಗಳವಾರ, ಟೋಕನ್ ಹದಿನೇಳು:
ವಾರಿಜ ಪೂಜಾರ್ತಿ, ಐವತ್ತೆಂಟು.
ಬೆರಳ ತುದಿಯಲ್ಲಿ ಹರಿವೆಯ ಕಲೆ,
ಸ್ಪಿರಿಟಿನಲ್ಲಿ ಎರಡು ಸಲ ಒರೆಸಿದರೂ ಹೋಗಲಿಲ್ಲ,
ಚುಚ್ಚಿದ ಮೇಲೆ
ಯಾವುದು ಸೊಪ್ಪು ಯಾವುದು ರಕ್ತ
ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.
ಏಳು ಪಾಯಿಂಟ್ ಎಂಟು.
ಮೆಷಿನ್ ತಪ್ಪಿರಬೇಕೆಂದು ಇನ್ನೊಮ್ಮೆ ನೋಡಿದೆ. ಅಷ್ಟೇ.
ಬಾಯಿ ತನ್ನ ಪಾಡಿಗೆ ತೆರೆಯಿತು: "ಸೊಪ್ಪು..."
ಅಲ್ಲಿಗೇ ನಿಂತಿತು.

ವಾರಿಜಕ್ಕ ನಕ್ಕರು. ಒಸಡು ಬಿಳಿ.
"ಉಳಿದರೆ ತಿನ್ನುವುದು ಮೇಡಂ.
ಉಳಿಯುವುದಿಲ್ಲವಲ್ಲ,
ಕೊನೆಯದ್ದು ನೀವು ಕೊಂಡುಹೋಗ್ತೀರಿ."
ದೂರಿದ್ದಲ್ಲ. ಬಸ್ಸು ತಡ ಅನ್ನುವ ಹಾಗೆ ಹೇಳಿದರು.

ಡಾಕ್ಟರು ಮಾತ್ರೆ ಬರೆದರು, ತಿಂಗಳು ಬಿಟ್ಟು ಬರಲು ಹೇಳಿದರು.
ಆ ಸಂಜೆ ನಾನು ಕೊಳ್ಳಲಿಲ್ಲ.
ಮೆಟ್ಟಿಲಲ್ಲೇ ನಿಂತು ನೋಡುತ್ತಿದ್ದೆ,
ಹೆಲ್ಮೆಟ್ಟು ತೆಗೆಯದೆಯೇ ಒಬ್ಬ ಬಗ್ಗಿ
ಇಪ್ಪತ್ತರ ನೋಟು ಕೊಟ್ಟು
ಕೊನೆಯ ಕಟ್ಟು ಎತ್ತಿಕೊಂಡು ಹೋದ.

ಮರುದಿನ ಮಧ್ಯಾಹ್ನವೇ ಇಳಿದು ಒಂದು ಕೊಂಡೆ.
ರಾತ್ರಿ ಮಾಡಿದೆ, ಬೆಳಿಗ್ಗೆ ಬಿಸಿ ಮಾಡಿದೆ,
ಸ್ಟೀಲಿನ ಡಬ್ಬಿಯಲ್ಲಿ ಗಂಜಿ, ಮುಚ್ಚಳದಲ್ಲಿ ಪಲ್ಯ.
ಗೋಣಿಯ ಬದಿಗಿಟ್ಟೆ, ಏನೆಂದು ಹೇಳುವುದು ತಿಳಿಯದೆ.
ವಾರಿಜಕ್ಕ ಕೈ ತೊಳೆದು ಬಂದರು.
ಬೆರಳಿನಲ್ಲಿ ಪಲ್ಯ ಕೆದಕಿದರು, ಏನೋ ಹುಡುಕುವ ಹಾಗೆ.
"ದಂಟ್ ದಕ್ಕಿಯರಾ?"

ಎಸೆದಿದ್ದೆ. ಎರಡು ವರ್ಷದಿಂದ
ಪ್ರತಿ ಕಟ್ಟಿನ ಅರ್ಧ ಎಸೆಯುತ್ತಿದ್ದೆ.
"ನಾರು ತೆಗೆದು ಮೊದಲು ದಂಟು ಬೇಯಿಸಿ,
ಎಲೆ ಆಮೇಲೆ. ಅದರಲ್ಲೇ ಇರುವುದು."
ಅದರಲ್ಲಿ ಏನಿರುವುದು ಎಂದು ಅವರು ಹೇಳಲಿಲ್ಲ,
ಓದಿದವಳು ನಾನು, ಕೇಳಲಿಲ್ಲ.

ಒಂದು ತುತ್ತು, ಒಬ್ಬ ಗಿರಾಕಿ.
ಇನ್ನೊಂದು ತುತ್ತು.
ಗಂಜಿಯ ತಿಳಿ ಕೆಂಪಾಯಿತು.
"ಬೆಳ್ಳುಳ್ಳಿಗೆ ಕಂಜೂಸು ಮಾಡ್ತೀರಿ," ಅಂದರು,
ಡಬ್ಬಿ ಓರೆ ಮಾಡಿ, ತಳ ನೋಡುತ್ತಾ.